ತಬಲಾದವನ ಪಾಲು

ನಮ್ಮ ಸಿಂದಗಿಯ ಸೀಮೆಯಲ್ಲಿ ಭಜನಾ ಮೇಳವಿಲ್ಲದ ಹಳ್ಳಿಯನ್ನು ಹುಡುಕುವದು ಕಷ್ಟ. ಹನುಮಂತದೇವರ ಗುಡಿಯ ಕಟ್ಟೆಯ ಮೇಲೋ ಮಠದ ಪಡಸಾಲೆಯಲ್ಲೋ ನಾಲ್ಕು ಜನ ಕೂಡಿ ತತ್ವಪದ ಹಾಡದಿದ್ದರೆ ಅಮವಾಸ್ಯೆಯ ರಾತ್ರಿ ಬರಿದೆನಿಸುವದು. ಹಾಡಿದವನನ್ನು ಜನ ನೆನೆಯುತ್ತಾರೆ, ಅವನ ಕಂಠವನ್ನು ಕೊಂಡಾಡುತ್ತಾರೆ. ಪೇಟಿ ನುಡಿಸಿದವನನ್ನೂ ಒಂದಿಷ್ಟು ಗುರುತಿಸುವದುಂಟು. ಆದರೆ ಹಾಡಿನ ಬುಡದಲ್ಲಿ ಕುಳಿತು ಎಡಗೈಯ ಡಗ್ಗಾದಿಂದ ಇಡಿಯ ಮೇಳದ ಭಾರವನ್ನು ಹೊರುವವನ ಹೆಸರನ್ನು ಕೇಳಿ ನೋಡಿರಿ. "ಅವ ತಬಲಾದವ" ಎಂಬ ಉತ್ತರವೇ ಬರುವದು. ವಾದ್ಯವೇ ಅವನ ಹೆಸರಾಗಿಬಿಟ್ಟಿದೆ. ಇದು ಸಣ್ಣ ಸಂಗತಿಯೆಂದು ತೋರಬಹುದು. ಆದರೆ ನಮ್ಮ ಮೇಳಗಳು ಸೊರಗುವದಕ್ಕೆ ಇದೂ ಒಂದು ಮುಖ್ಯ ಕಾರಣವೆಂದು ನನ್ನ ಎಣಿಕೆ. ಕೆಳದನಿ ಹಿಡಿಯುವವನಿಗೆ ಎರಡು ಸಂಗತಿಗಳು ಸಲ್ಲಲೇಬೇಕು: ತನ್ನ ವಾದ್ಯವನ್ನು ತಾನೇ ಆರಿಸುವ ಅಧಿಕಾರ, ಮತ್ತು ಬಂದದ್ದರಲ್ಲಿ ಸಮಪಾಲು. ಇದನ್ನು ಸಹಪಾಠಿಗಳ ಮತ್ತು ಗುರುಜನರ ಮುಂದೆ ವಿನಯದಿಂದ ಇಡುತ್ತೇನೆ.

ಕೆಳದನಿಯ ಅವಶ್ಯಕತೆ ಭಜನೆಗೆ ಮಾತ್ರ ಇರುವದಲ್ಲ. ಗೀಗೀ ಮೇಳದಲ್ಲಿ ಮುಂದಿನವನು ದಪ್ಪು ಬಡಿದು ಹಾಡಿದರೆ ಹಿಂದಿನವನು ತುಂತುಣಿ ಮೀಟಿ ಸೂರು ಬಿಡದಂತೆ ಕಾಯುತ್ತಾನೆ. ತತ್ವಪದಕ್ಕೆ ಏಕತಾರಿ, ದಮ್ಮಡಿ ಬೇಕು. ಪಶ್ಚಿಮದವರ ವಾದ್ಯಮೇಳಗಳಲ್ಲಿ ಈ ಕೆಲಸವನ್ನು ಬಾಸ್ ಗಿಟಾರಿನವನು ಮಾಡುತ್ತಾನೆ. ಆ ವಾದ್ಯದ ಕಥೆ ನಮಗೂ ಬೋಧಕವಾಗಿದೆ. ಮೊದಲು ಅವರಲ್ಲಿ ಕೆಳದನಿಗೆ ಆಳೆತ್ತರದ ಮರದ ಬಾಸ್ ಇತ್ತು. ಅದನ್ನು ಊರಿಂದೂರಿಗೆ ಹೊತ್ತೊಯ್ಯುವದೇ ಒಂದು ಸಾಹಸ. ಒಯ್ದರೂ ತುತ್ತೂರಿ, ಡ್ರಮ್ಮುಗಳ ಗದ್ದಲದಲ್ಲಿ ಅದರ ದನಿ ಮುಳುಗಿ ಹೋಗುತ್ತಿತ್ತು. ೧೯೫೧ರಲ್ಲಿ ಅಮೇರಿಕದ ಲಿಯೋ ಫೆಂಡರ್ ಎಂಬವರು ಹೆಗಲಿಗೆ ತೂಗುಹಾಕುವಷ್ಟು ಹಗುರಾದ, ವಿದ್ಯುತ್ತಿನಿಂದ ದನಿ ಹೆಚ್ಚಿಸಬಹುದಾದ ನಾಲ್ಕು ತಂತಿಯ ಬಾಸನ್ನು ಮಾರಾಟಕ್ಕೆ ತಂದರು. ಬೆರಳಿಟ್ಟಲ್ಲಿ ಸ್ವರ ತಪ್ಪದಂತೆ ಅದರ ಕೊರಳಿಗೆ ಲೋಹದ ಮೆಟ್ಟಿಲುಗಳಿದ್ದವು. ಆದ್ದರಿಂದಲೇ ಅದಕ್ಕೆ 'ಪ್ರಿಸಿಶನ್', ಅಂದರೆ ಕರಾರುವಾಕ್ಕು, ಎಂಬ ಹೆಸರು. ಹೊರುವವನ ಕಷ್ಟವನ್ನು ಮನಸ್ಸಿಗೆ ತಂದುಕೊಂಡಾಗ ಒಳ್ಳೆಯ ವಾದ್ಯ ಹುಟ್ಟಿತು ಎಂಬದು ಇದರ ಸಾರ.

ನಮ್ಮ ಡಗ್ಗಾ ಇದಕ್ಕಿಂತ ಕಡಿಮೆಯದೇನೂ ಅಲ್ಲ. ಸಾಮಾನ್ಯ ಡೋಲನ್ನು ಬಡಿದಾಗ ಹುಟ್ಟುವ ಉಪಸ್ವರಗಳು ಒಂದಕ್ಕೊಂದು ಹೊಂದುವದಿಲ್ಲ. ಅದಕ್ಕೇ ಅದು ಬರಿಯ ಸಪ್ಪಳವಾಗುವದು. ತಬಲಾ, ಮೃದಂಗಗಳಲ್ಲಿ ತೊಗಲಿನ ಮೇಲಿನ ಕರಿಯ ಶಾಯಿಯ ಭಾರದಿಂದ ಆ ಉಪಸ್ವರಗಳು ತಂತಿವಾದ್ಯದಲ್ಲಿದ್ದಂತೆ ಕ್ರಮಕ್ಕೆ ಬರುತ್ತವೆ ಎಂಬದನ್ನು ಸರ್ ಸಿ. ವಿ. ರಾಮನ್ನರು ೧೯೨೦ರಷ್ಟು ಹಿಂದೆಯೇ ತೋರಿಸಿಕೊಟ್ಟರು. ಡಗ್ಗಾದಲ್ಲಿ ಈ ಶಾಯಿ ನಟ್ಟನಡುವೆ ಇರದೆ ಒಂದು ಬದಿಗೆ ಇರುವದು. ಉಳಿದ ಬಯಲಿನಲ್ಲಿ ಮಣಿಕಟ್ಟನ್ನೂರಿ ಒತ್ತಿ ಜಾರಿಸಿದರೆ ದನಿ ಏರಿಳಿದು ಮಾತಾಡುವದು. ಇನ್ನೊಂದು ಸೂಕ್ಷ್ಮವಿದೆ. ತಾಳದ 'ಖಾಲಿ' ಭಾಗ ಬಂದಾಗ ಡಗ್ಗಾದ ಗುಂಕಾರ ನಿಲ್ಲುವದು. ಹಾಡುವವನು ಆ ಮೌನದಿಂದಲೇ ತಾನೆಲ್ಲಿದ್ದೇನೆಂದು ತಿಳಿದುಕೊಳ್ಳುತ್ತಾನೆ. ನುಡಿಸಿದಾಗ ಆಧಾರ, ನಿಲ್ಲಿಸಿದಾಗ ದಾರಿಗುರುತು: ಇಂಥ ಕೆಲಸ ಮಾಡುವವನನ್ನು ಬರಿಯ ಬಡಿಯುವವನೆಂದು ತಿಳಿಯುವದು ಯಾವ ನ್ಯಾಯ?

ಜನರಿಗೆ ಕೆಳದನಿ ಬೇಡವಾಗಿದೆ ಎನ್ನುವಂತಿಲ್ಲ. ಗಣಪತಿಯ ಮೆರವಣಿಗೆಯಲ್ಲಿ ಡೀಜೆಯ ಪೆಟ್ಟಿಗೆಗಳು ಎದೆಗೂಡನ್ನು ನಡುಗಿಸುವಾಗ ನಮ್ಮ ತರುಣರು ಕುಣಿಯುವದು ಆ ಕೆಳದನಿಗಾಗಿಯೇ. ಅದಕ್ಕೆ ಪಟ್ಟಿ ಎತ್ತಿ ಹಣ ಕೂಡಿಸುವವರಿಗೆ ಒಬ್ಬ ತಬಲಾದವನ ಬಸ್ಸಿನ ಖರ್ಚು ಭಾರವಾಗುವದು! ಇನ್ನೊಂದು ಕಡೆ ಭಜನೆಯನ್ನು ಮೊಬೈಲಿನಲ್ಲಿ ಕೇಳುವ ರೂಢಿ ಬೆಳೆದಿದೆ. ಬೆರಳಗಲದ ಆ ಸ್ಪೀಕರಿಗೆ ಕೆಳದನಿಗೆ ಬೇಕಾದಷ್ಟು ಗಾಳಿಯನ್ನು ನೂಕುವ ಶಕ್ತಿಯಿಲ್ಲ. ಅದರಲ್ಲಿ ತಬಲಾದ ಟಣತ್ಕಾರ ಕೇಳಿಸುವದು, ಡಗ್ಗಾ ಕೇಳಿಸುವದಿಲ್ಲ. ಕೇಳಿಸದ್ದನ್ನು ಕಿವಿ ಮರೆಯುವದು. ಕಿವಿ ಮರೆತದ್ದಕ್ಕೆ ಕೈ ಹಣ ಬಿಚ್ಚದು.

ಇನ್ನು ಈ ತಬಲಾದವನ ಬಾಳುವೆಯನ್ನು ನೋಡೋಣ. ನಾನೂ ಮೇಳದಲ್ಲಿ ಕೈಯಾಡಿಸುವವನಾದ್ದರಿಂದ ಇದು ಕಂಡು ಹೇಳುವ ಮಾತು. ಅವನ ಸುಗ್ಗಿ ಶ್ರಾವಣ. ತಿಂಗಳಿಡೀ ಇಂದು ಒಂದು ಊರು, ನಾಳೆ ಇನ್ನೊಂದು. ಕೊನೆಗೆ ಸಪ್ತಾಹ, ಅಹೋರಾತ್ರಿ ಭಜನೆ. ಆಮೇಲೆ ಜಾತ್ರೆಗಳು. ನಡುನಡುವೆ ಸತ್ತವರ ಮನೆಯಲ್ಲಿ ಇರುಳಿಡೀ ಹಾಡುವದು. ಅಲ್ಲಿ ಕೂಲಿಯ ಮಾತೆತ್ತಲು ಯಾರಿಗೂ ಬಾಯಿ ಬಾರದು. ತಬಲಾವನ್ನು ಹರಿದ ಕೌದಿಯಲ್ಲಿ ಸುತ್ತಿ, ಡಗ್ಗಾವನ್ನು ತೊಡೆಯ ಮೇಲಿಟ್ಟುಕೊಂಡು, ಮತ್ತೊಬ್ಬನ ಮೋಟಾರುಸೈಕಲ್ಲಿನ ಹಿಂದೆ ಕುಳಿತು ಹೋಗಬೇಕು. ಹಾಡುವವರು ಒಬ್ಬರಾದ ಮೇಲೊಬ್ಬರು ಬದಲಾಗುತ್ತಾರೆ. ಒಬ್ಬನು ಚಹಾ ಕುಡಿದು ಬರುವಷ್ಟರಲ್ಲಿ ಮತ್ತೊಬ್ಬನು ಪದ ಎತ್ತುತ್ತಾನೆ. ತಬಲಾದವನಿಗೆ ಮಾತ್ರ ಬದಲಿಯಿಲ್ಲ. ಅವನು ಐದು ನಿಮಿಷ ಎದ್ದರೆ ಸಾಕು, "ಏ ತಮ್ಮಾ, ತಬಲಾದವ ಎಲ್ಲಿ ಹೋದ ನೋಡೋ" ಎಂದು ಹಿರಿಯರು ಕೂಗುತ್ತಾರೆ. ಬೆಳಗಿನ ಮಂಗಳಾರತಿಯಾದ ಮೇಲೆ ಹಾಡಿದವನಿಗೆ ಶಾಲು, ತಬಲಾದವನಿಗೆ ತೆಂಗಿನಕಾಯಿ. ಹೋಗಲಿ ಬಿಡಿ, ಕಾಯಿಯೂ ಪ್ರಸಾದವೇ. ಆದರೆ ಹರಿದ ತೊಗಲನ್ನು ಕಾಯಿ ಕೊಟ್ಟು ಹಾಕಿಸಲು ಬರುವದಿಲ್ಲವಷ್ಟೆ.

ವಾದ್ಯಗಳನ್ನು ಕೊಳ್ಳುವ ಹೊತ್ತಿನಲ್ಲಿಯೂ ಇವನನ್ನು ಯಾರೂ ಕೇಳುವದಿಲ್ಲ. ಊರ ಪಂಚರು ಸೊಲ್ಲಾಪುರಕ್ಕೋ ಮಿರಜಕ್ಕೋ ಹೋಗಿ, ಅಂಗಡಿಯಲ್ಲಿ ಹೆಚ್ಚು ಥಳಥಳಿಸುವ ಜೋಡಿಯನ್ನು ಆರಿಸಿ, ಅದರ ಮೇಲೆ ದಾನಿಗಳ ಹೆಸರನ್ನು ಕೊರೆಯಿಸಿ ತರುತ್ತಾರೆ. ಹೆಸರು ಚೆನ್ನಾಗಿ ಕಾಣುತ್ತದೆ; ದನಿ ಕೂಡುವದಿಲ್ಲ. ಆದುದರಿಂದ ತಬಲಾ ಕೊಳ್ಳುವವರು ಗಮನಿಸತಕ್ಕ ನಾಲ್ಕು ಮಾತುಗಳನ್ನು ಇಲ್ಲಿ ಹೇಳುವದು ಅಪ್ರಸ್ತುತವಾಗಲಾರದು.

ಮೊದಲನೆಯದು ಪಟ್ಟಿ. ಮೇಳದವರು ಪೇಟಿಯ ಯಾವ ಮನೆಯನ್ನು ಷಡ್ಜವೆಂದು ಹಿಡಿದು ಹಾಡುತ್ತಾರೆಂಬದನ್ನು ತಿಳಿಯದೆ ಅಂಗಡಿಯ ಮೆಟ್ಟಿಲು ಹತ್ತಬಾರದು. ಗಂಡಸರು ಸಾಮಾನ್ಯವಾಗಿ ಕಪ್ಪು ಒಂದು, ಕಪ್ಪು ಎರಡರ ಹತ್ತಿರ ಹಾಡುತ್ತಾರೆ; ಅದಕ್ಕೆ ಐದೂವರೆ ಅಂಗುಲದೊಳಗಿನ ಸಣ್ಣ ಬಾಯಿಯ ತಬಲಾ ಬೇಕು. ಅಕ್ಕನ ಬಳಗದ ತಾಯಂದಿರು ಬಿಳಿ ಐದು, ಕಪ್ಪು ನಾಲ್ಕರ ಸುಮಾರಿಗೆ ಹಿಡಿದರೆ ಆರಂಗುಲದ ಹತ್ತಿರದ ದೊಡ್ಡ ಬಾಯಿ ಬೇಕು. ಬಾಯಿ ದೊಡ್ಡದಾದಷ್ಟು ಸ್ವರ ಕೆಳಗಿಳಿಯುವದು. ಸಣ್ಣದನ್ನು ಬಲವಂತದಿಂದ ಇಳಿಸಿದರೆ ತೊಗಲು ಜೋತು ದನಿ ಸಾಯುವದು. ದೊಡ್ಡದನ್ನು ಬಲವಂತದಿಂದ ಏರಿಸಿದರೆ ಬಾರು ಇಲ್ಲವೆ ತೊಗಲು ಹರಿಯುವದು.

ಎರಡನೆಯದು ಡಗ್ಗಾದ ಮೈ. ಮಣ್ಣಿನ ಡಗ್ಗಾದ ದನಿ ಮೆತ್ತಗೆ, ಇಂಪಾಗಿರುವದು. ಆದರೆ ಮೋಟಾರುಸೈಕಲ್ಲಿನ ದಾರಿಗೆ ಅದು ತಕ್ಕುದಲ್ಲ. ತೆಳುವಾದ ತಗಡಿನದು ಅಗ್ಗ, ಹಗುರ. ಆದರೆ ಗುಂಕಾರ ನಿಲ್ಲದು, ಕೈ ಒತ್ತಿದರೆ ಜಾರುವದು. ದಪ್ಪ ಹಿತ್ತಾಳೆಯದೋ ತಾಮ್ರದ್ದೋ ಭಾರವಾದರೂ ಸಿಂಬಿಯ ಮೇಲೆ ಅಲುಗದೆ ಕೂಡುವದು, ದನಿ ಆಳಕ್ಕಿಳಿಯುವದು. ಹೊರಗಿನ ಮೆರುಗಿಗೆ ಹಣ ಹಾಕುವ ಬದಲು ಮೈಯ ತೂಕಕ್ಕೆ ಹಾಕುವದು ಜಾಣತನ.

ಮೂರನೆಯದು ನಮ್ಮ ಹವೆ. ನಮ್ಮ ಬೇಸಿಗೆ ಎಂಥದೆಂದು ಹೇಳಬೇಕಾಗಿಲ್ಲ. ಆ ಒಣಬಿಸಿಲಿಗೆ ತೊಗಲು ಬಿಗಿದು ಸ್ವರ ಏರುವದು. ಶ್ರಾವಣದ ತಂಪಿಗೆ ಅದೇ ತೊಗಲು ಸಡಲುವದು. ಹೆಚ್ಚು ಕೆಲಸವಿರುವ ತಿಂಗಳಲ್ಲಿಯೇ ವಾದ್ಯ ಹೆಚ್ಚು ಕಾಡುವದು! ಆದ್ದರಿಂದ ಡಗ್ಗಾಕ್ಕಾಗಲಿ ತಬಲಾಕ್ಕಾಗಲಿ ಹೆಚ್ಚಿನ ತೊಗಲು ಒಂದು ಕೈಯಲ್ಲಿರಬೇಕು. ನಟ್ಟುಬೋಲ್ಟಿನ ತಬಲಾ ಈಗ ಸಿಗುವದು. ಪಟ್ಟಿ ಮೇಲಿಂದ ಮೇಲೆ ಬದಲಾಗುವ ಮೇಳಕ್ಕೆ ಅದು ಸುಲಭ. ಬಾರಿನದಾದರೆ ಗಟ್ಟಾಗಳನ್ನು ಸುತ್ತಿಗೆಯಿಂದ ಮೇಲೆ ಕೆಳಗೆ ಸರಿಸಿ ಕೂಡಿಸುವ ವಿದ್ಯೆ ಬೇಕು, ತಾಳ್ಮೆ ಬೇಕು. ಹಣಕಾಸನ್ನೂ ಕೈಯ ರೂಢಿಯನ್ನೂ ನೋಡಿ ನುಡಿಸುವವನೇ ಇದನ್ನು ನಿರ್ಧರಿಸಬೇಕು.

ನಾಲ್ಕನೆಯದು ಎಲ್ಲಕ್ಕೂ ಮಿಗಿಲಾದದ್ದು. ಅಂಗಡಿಯಲ್ಲಿ ಒಂಟಿಯಾಗಿ ಬಾರಿಸಿ ನೋಡಿದರೆ ಸಾಲದು. ಮೇಳದ ಪೇಟಿಯೊಡನೆ, ಹಾಡುವವನ ಕಂಠದೊಡನೆ ಕೂಡಿಸಿ ನೋಡಬೇಕು. ಪೇಟಿ ಕೊಳ್ಳುವಾಗಲೂ ಇದೇ ನಿಯಮ. ಕೆಳಸ್ಥಾಯಿಯ 'ಬಾಸ್' ರೀಡುಗಳ ಸಾಲು ಕೂಡಿದ ಪೇಟಿ ತುಂಬಿದ ದನಿ ಕೊಡುವದು ನಿಜ. ಆದರೆ ಅದರ ಗಾಂಭೀರ್ಯ ಡಗ್ಗಾದ ದನಿಯನ್ನು ನುಂಗಬಾರದು. ಇಬ್ಬರೂ ಒಂದೇ ಜಾಗದಲ್ಲಿ ನಿಂತರೆ ನೂಕಾಟವಾಗುವದಷ್ಟೆ.

ವಾದ್ಯದ ವಿಷಯದಲ್ಲಿ ಮೇಲಿನವರ ಅಪ್ಪಣೆ ಎಷ್ಟು ನಡೆಯುವದೆಂಬದಕ್ಕೆ ಇತಿಹಾಸದ ಸಾಕ್ಷಿಯೂ ಉಂಟು. ೧೯೪೦ರಲ್ಲಿ ಆಕಾಶವಾಣಿಯು ಪೇಟಿಯನ್ನು ನಿಷೇಧಿಸಿತು. ಅದು ನಮ್ಮ ಸಂಗೀತದ ಮೀಂಡ, ಶ್ರುತಿಗಳಿಗೆ ಒಗ್ಗದ ವಿದೇಶೀ ವಾದ್ಯವೆಂಬದು ಆಗಿನ ವಾದ. ವಾದದಲ್ಲಿ ಹುರುಳಿಲ್ಲದೆ ಇರಲಿಲ್ಲ. ಆದರೂ ಹಳ್ಳಿಯ ಮೇಳಗಳು ಪೇಟಿಯನ್ನು ಬಿಡಲಿಲ್ಲ; ನಾಟಕದವರು ಬಿಡಲಿಲ್ಲ. ಕೊನೆಗೆ ೧೯೭೧ರಲ್ಲಿ ಆಕಾಶವಾಣಿಯೇ ತನ್ನ ನಿಷೇಧವನ್ನು ಸಡಲಿಸಬೇಕಾಯಿತು. ದಿನವೂ ವಾದ್ಯವನ್ನು ಮುಟ್ಟುವವರ ಅನುಭವಕ್ಕೆ ಬೆಲೆ ಕೊಡದ ತೀರ್ಮಾನ ಬಹುಕಾಲ ಬಾಳುವದಿಲ್ಲ.

ಈಗ ಇಬ್ಬರು ಆಕ್ಷೇಪಕರಿಗೆ ಉತ್ತರ ಹೇಳಬೇಕು. ಮೊದಲನೆಯವರು ಯಂತ್ರದ ಪಕ್ಷದವರು. ಬೆಂಗಳೂರಿನ ರಾಡೆಲ್ ಸಂಸ್ಥೆಯು ೧೯೭೯ರಲ್ಲಿ ಇಲೆಕ್ಟ್ರಾನಿಕ್ ತಂಬೂರಿಯನ್ನು ತಯಾರಿಸಿತು. ಆಮೇಲೆ ತಬಲಾದ ಯಂತ್ರಗಳೂ ಬಂದವು. ಈಗಂತೂ ಮೊಬೈಲಿನಲ್ಲಿಯೇ ಎಲ್ಲ ತಾಳಗಳೂ ಸಿಗುತ್ತವೆ. "ಊಟ ಬೇಡ, ನಿದ್ದೆ ಬೇಡ, ಕೂಲಿ ಬೇಡ, ಇದಕ್ಕಿಂತ ಒಳ್ಳೆಯ ತಬಲಾದವ ಯಾರು?" ಎನ್ನುತ್ತಾರೆ. ಮನೆಯಲ್ಲಿ ಒಬ್ಬನೇ ಕುಳಿತು ಅಭ್ಯಾಸ ಮಾಡುವವನಿಗೆ ಯಂತ್ರ ದೊಡ್ಡ ಉಪಕಾರಿ, ಅದನ್ನು ಹಳಿಯಲಾರೆ. ಆದರೆ ಎಪ್ಪತ್ತರ ಮುದುಕರು ಪದದ ನಡುವೆ ಉಸಿರು ಹಿಡಿಯಲು ನಿಂತಾಗ ಯಂತ್ರ ನಿಲ್ಲುವದಿಲ್ಲ, ಮುಂದೆ ಹೋಗಿಬಿಡುವದು. ತಬಲಾದವನು ಅವರ ಮುಖ ನೋಡಿ ಒಂದು ಆವರ್ತನ ತುಂಬಿಸಿ ಕಾಯುತ್ತಾನೆ. ಭಜನೆಯೆಂದರೆ ಒಬ್ಬರಿಗಾಗಿ ಒಬ್ಬರು ಕಾಯುವದಲ್ಲದೆ ಮತ್ತೇನು?

ಎರಡನೆಯವರ ಮಾತು ಹೆಚ್ಚು ತೂಕದ್ದು. "ಭಜನೆ ದೇವರ ಸೇವೆ, ಸೇವೆಗೆ ಕೂಲಿ ಕೇಳಬಹುದೇ?" ಎಂಬದು ಅವರ ಪ್ರಶ್ನೆ. ನಮ್ಮ ಜಿಲ್ಲೆಯ ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರ ಸಂಗಡಿಗರನ್ನೇ ಇದಕ್ಕೆ ಸಾಕ್ಷಿ ಕರೆಯುತ್ತೇನೆ. ಶರಣರ ಬಳಗದಲ್ಲಿ ಕಿನ್ನರಿ ನುಡಿಸುವದೇ ಕಾಯಕವಾಗಿದ್ದ ಕಿನ್ನರಿ ಬ್ರಹ್ಮಯ್ಯನಿದ್ದನು; ಢಕ್ಕೆ ಬಾರಿಸುವದೇ ಕಾಯಕವಾಗಿದ್ದ ಢಕ್ಕೆಯ ಬೊಮ್ಮಣ್ಣನಿದ್ದನು. ಅವರ ಕಾಲಕ್ಕೆ ವಾದ್ಯ ನುಡಿಸುವದು ಕಾಯಕವಾಗಿತ್ತು. ಕಾಯಕದಿಂದ ಹೊಟ್ಟೆ ಹೊರೆಯುವದು ಮರ್ಯಾದೆಯದಾಗಿತ್ತು. ಸೇವೆಯೆಂದರೆ ಎಲ್ಲರಿಗೂ ಸೇವೆಯಾಗಲಿ. ಮೈಕಿನವನಿಗೆ, ಮಂಟಪದವನಿಗೆ, ದೀಪದವನಿಗೆ ಕಾಸು ಎಣಿಸಿ ಕೊಟ್ಟು, ತಬಲಾದವನೆದುರಿಗೆ ಮಾತ್ರ ಸೇವೆಯ ಮಾತು ತೆಗೆಯುವದು ಸರಿಯಲ್ಲ.

ಇದರ ಪರಿಣಾಮ ಕಣ್ಣೆದುರಿಗಿದೆ. ತಬಲಾ ಕಲಿಯಲು ವರುಷಗಳು ಬೇಕು. ಅಷ್ಟು ವರುಷ ಕಲಿತು ಹೆಸರೂ ಇಲ್ಲ, ಕಾಸೂ ಇಲ್ಲವೆಂದಾದರೆ ಯಾವ ತಂದೆ ಮಗನನ್ನು ಕಳಿಸಿಯಾನು? ಹಳೆಯ ಇಂಡಿ ತಾಲೂಕಿನ ಹಲಸಂಗಿಯ ಗೆಳೆಯರು ಊರೂರು ತಿರುಗಿ ಜನಪದರ ಬಾಯಿಯ ಹಾಡುಗಳನ್ನು ಬರೆದುಕೊಂಡು ೧೯೩೧ರಲ್ಲಿ 'ಗರತಿಯ ಹಾಡು' ಎಂದು ಪ್ರಕಟಿಸಿದ್ದರಿಂದ ಆ ಪದಗಳು ಉಳಿದವು. ಪದವನ್ನು ಕಾಗದದ ಮೇಲೆ ಉಳಿಸಬಹುದು. ಡಗ್ಗಾದ ಮೇಲೆ ಮಣಿಕಟ್ಟು ಜಾರುವ ಬಗೆಯನ್ನು ಕಾಗದದ ಮೇಲೆ ಉಳಿಸಲಾಗದು. ಅದು ಕೈಯಿಂದ ಕೈಗೇ ಬರಬೇಕು. ಕೈ ತಪ್ಪಿದರೆ ತಪ್ಪಿತು.

ಆದುದರಿಂದ ನನ್ನ ಸೂಚನೆಗಳು ಇಷ್ಟೇ. ಮೇಳದ ಹೆಸರನ್ನು ಸಾರುವಾಗ ಹಾಡುವವನ ಹೆಸರಿನೊಡನೆ ಪೇಟಿ, ತಬಲಾ, ತಾಳದವರ ಹೆಸರುಗಳನ್ನೂ ಸಾರಬೇಕು. ಬಂದ ಬಹುಮಾನ, ಕಾಣಿಕೆಗಳನ್ನು ಸರಿಯಾಗಿ ಹಂಚಬೇಕು. ಹಂಚುವದಕ್ಕಿಂತ ಮುಂಚೆ ತೊಗಲಿನ ಖರ್ಚೆಂದು ಒಂದು ಪಾಲನ್ನು ತೆಗೆದಿಡಬೇಕು. ವಾದ್ಯ ಕೊಳ್ಳಲು ಹೋಗುವ ಪಂಚರಲ್ಲಿ ನುಡಿಸುವವನೂ ಒಬ್ಬನಾಗಿರಬೇಕು. ಭಜನಾ ಸ್ಪರ್ಧೆ ನಡೆಸುವವರು ಸಾಥಿಗೂ ಒಂದು ಬಹುಮಾನ ಇಡಬೇಕು. ಇವಾವುದಕ್ಕೂ ಸರಕಾರದ ಅನುದಾನ ಬೇಕಾಗಿಲ್ಲ. ಊರಿನವರ ಮನಸ್ಸು ಬೇಕು.

ಸಹಪಾಠಿ ಮಿತ್ರರಲ್ಲಿ ಕೊನೆಯದೊಂದು ಬಿನ್ನಹ. ನಮ್ಮ ಸ್ನೇಹಸಮ್ಮೇಳನದ ಕಾರ್ಯಕ್ರಮ ಪತ್ರಿಕೆಯನ್ನು ಅಚ್ಚು ಹಾಕಿಸುವವರು ನಾವೇ. ಅದರಲ್ಲಿ 'ಸಮೂಹಗೀತೆ' ಎಂದು ಬರೆದು ಹಾಡುವವರ ಹೆಸರುಗಳನ್ನು ಕೊಟ್ಟ ಮೇಲೆ ಇನ್ನೊಂದು ಸಾಲು ಹೆಚ್ಚು ಅಚ್ಚಾದರೆ ಕಾಗದವೇನೂ ಹೆಚ್ಚು ತಗಲುವದಿಲ್ಲ. ಆ ಸಾಲಿನಲ್ಲಿ ತಬಲಾ ಎಂದು ಬರೆದು, ಅದರ ಮುಂದೆ ಒಬ್ಬ ಮನುಷ್ಯನ ಹೆಸರನ್ನು ಬರೆಯೋಣ. ಈ ವರುಷದಿಂದಲೇ ಬರೆಯೋಣ.