ನಮ್ಮ ಹೊಸ ಲ್ಯಾಪ್‌ಟಾಪು ಮತ್ತು ಕನ್ನಡದ ಕೀಲಿಗಳು

ಕಳೆದ ದೀಪಾವಳಿಯ ರಜೆಯಲ್ಲಿ ನಾವು ಒಂದು ಲ್ಯಾಪ್‌ಟಾಪನ್ನು ಕೊಂಡೆವು. ವಿಲೆ ಪಾರ್ಲೆಯಿಂದ ರೈಲು ಹಿಡಿದು ಗ್ರಾಂಟ್ ರೋಡಿನಲ್ಲಿಳಿದು, ಲ್ಯಾಮಿಂಗ್ಟನ್ ರಸ್ತೆಯ ಅಂಗಡಿಗಳಲ್ಲಿ ಅರ್ಧ ದಿನ ಅಲೆದು, ತೀರ ಅಗ್ಗದ್ದೂ ಅಲ್ಲದ, ಶಿಕ್ಷಕನ ಸಂಬಳಕ್ಕೆ ನಿಲುಕದ್ದೂ ಅಲ್ಲದ ನಡುತರದ ಒಂದನ್ನು ಆರಿಸಿದೆವು. 8 ಜಿ.ಬಿ. ಸ್ಮೃತಿ, 512 ಜಿ.ಬಿ. ಸಂಗ್ರಹ, ಕಂತು ಮಾತ್ರ ಇನ್ನೂ ಹತ್ತು ತಿಂಗಳು ಉಳಿದಿದೆ. ಮರಳುವಾಗ ರೈಲಿನ ನೂಕುನುಗ್ಗಲಿನಲ್ಲಿ ಅದನ್ನು ಕೂಸಿನಂತೆ ಎದೆಗವುಚಿಕೊಂಡು ನಿಂತಿದ್ದೆವು. ಎಸ್.ಎಸ್.ಎಲ್.ಸಿ. ಮುಗಿಯುವವರೆಗೂ ಗಣಕಯಂತ್ರವನ್ನು ಕಿಟಕಿಯಾಚೆಯಿಂದಲೇ ಕಂಡವರಿಗೆ ಇಷ್ಟು ಮೋಹ ಕ್ಷಮ್ಯವೆಂದು ಭಾವಿಸುತ್ತೇವೆ.

ಯಂತ್ರ ಒಳ್ಳೆಯದೆ. ಗುಂಡಿ ಒತ್ತಿದ ಕೆಲವೇ ಕ್ಷಣಗಳಲ್ಲಿ ಎಚ್ಚರಗೊಳ್ಳುತ್ತದೆ. ಬಿಸಿಲಿರುವ ಕಿಟಕಿಯ ಬಳಿ ಪರದೆ ಮಂಕಾಗುತ್ತದೆ. ಎಂಟು ಗಂಟೆ ಬಾಳುವುದೆಂದು ಹೊಗಳಿಸಿಕೊಂಡ ಬ್ಯಾಟರಿ ಐದಕ್ಕೇ ದಣಿಯುತ್ತದೆ.

ನಮ್ಮನ್ನು ಯೋಚನೆಗೆ ಹಚ್ಚಿದ್ದು ಕೀಲಿಮಣೆ. ಅದರ ಮೇಲೆ ಕನ್ನಡದ ಒಂದಕ್ಷರವೂ ಇಲ್ಲ. ಒಳಗೆ ಮಾತ್ರ ಕನ್ನಡವಿದೆ. 1991ರ ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ ನಮ್ಮ ಲಿಪಿಗೆ ಸ್ಥಾನ ದೊರೆತಿತ್ತು. ಅದನ್ನು ಹೊರತರಲು ಮುಖ್ಯವಾಗಿ ಎರಡು ದಾರಿಗಳು. ಒಂದು, ಕೆ.ಪಿ. ರಾಯರು ರೂಪಿಸಿದ, 'ನುಡಿ' ತಂತ್ರಾಂಶದ ಮೂಲಕ ಕರ್ನಾಟಕದಲ್ಲಿ ಬಳಕೆಗೆ ಬಂದ ವಿನ್ಯಾಸ: ಇಂಗ್ಲಿಷಿನ 'ಎಂ' ಒತ್ತಿದರೆ ಮ, 'ಎನ್' ಒತ್ತಿದರೆ ನ. ಇನ್ನೊಂದು ಭಾರತ ಸರಕಾರದ ಇನ್‌ಸ್ಕ್ರಿಪ್ಟ್: ಬಹುಮಟ್ಟಿಗೆ ಎಡಗೈಗೆ ಸ್ವರಗಳು, ಬಲಗೈಗೆ ವ್ಯಂಜನಗಳು. ನಾವು ಊರಿನಲ್ಲಿ ಕಲಿತದ್ದು ಮೊದಲನೆಯದನ್ನು; ರಾಯರಿಗೆ ಋಣಿಗಳು. ಆದರೂ ಮುಂಬಯಿಯ ಕನ್ನಡ ಮಕ್ಕಳು ಎರಡನೆಯದನ್ನು ಕಲಿಯಬೇಕೆಂಬುದು ನಮ್ಮ ಮತ.

ಕಾರಣವಿಷ್ಟೆ. ಇನ್‌ಸ್ಕ್ರಿಪ್ಟಿನಲ್ಲಿ ಕನ್ನಡದ ಕ ಇರುವ ಕೀಲಿಯಲ್ಲೇ ಮರಾಠಿಯ ಕ, ಹಿಂದಿಯ ಕ ಇವೆ; ಉಳಿದ ಅಕ್ಷರಗಳದೂ ಹೆಚ್ಚುಕಡಿಮೆ ಅದೇ ಕ್ರಮ. ನೀವು ಶಾಲೆಯಲ್ಲಿ ಮೂರನ್ನೂ ಬರೆಯುವವರು. ಬೆರಳು ಒಮ್ಮೆ ಪಳಗಿದರೆ ಮೂರು ಭಾಷೆಗಳೂ ಕೈವಶವಾಗುತ್ತವೆ. ಬೆಂಗಳೂರಿನ ಮಕ್ಕಳಿಗೆ ಈ ಲಾಭ ಇಷ್ಟು ಬೇಗ ಒದಗಲಾರದು.

ಕಷ್ಟವಿಲ್ಲವೆಂದು ಹೇಳೆವು. 'ಕನ್ನಡ' ಎಂಬ ಪದದ ಕೊನೆಯ ಡ ಇಂಗ್ಲಿಷಿನ ಚೌಕ ಕಂಸದ ಕೀಲಿಯಲ್ಲಿ ಅಡಗಿ ಕುಳಿತಿದೆ; ಅದನ್ನು ಹುಡುಕುವುದರಲ್ಲಿ ನಮ್ಮ ಮೊದಲ ಸಂಜೆ ಕಳೆಯಿತು. ಆದರೆ ಮೊನ್ನೆ ನಮ್ಮ ವಿದ್ಯಾರ್ಥಿಯೊಬ್ಬ ಫೋನಿನಲ್ಲಿ ಕಳುಹಿಸಿದ ಸಂದೇಶವನ್ನು ನೋಡಿ. ಮುತ್ತಿನಂಥ ಕೈಬರಹದ ಹುಡುಗ, ಬರೆದದ್ದು ಇಂಗ್ಲಿಷ್ ಅಕ್ಷರಗಳಲ್ಲಿ. ಅಜ್ಜಿಯ ಮನೆಯ ಹಳ್ಳಿ ನೆನಪಾಗುತ್ತದೆಂದು ಅವನ ಭಾವ. ನಾವು ಓದಿದ್ದು ಅಜ್ಜಿಯ ಮನೆಯ ಹಲ್ಲಿ ಎಂದು. ನಕ್ಕೆವು, ಆಮೇಲೆ ನಗು ಬರಲಿಲ್ಲ. ಳಕಾರವನ್ನು ತಿದ್ದಿ ತಿದ್ದಿ ಬರೆಸಿದವರು ನಾವೇ.

ಶನಿವಾರ ಶಾಲೆ ಬಿಟ್ಟ ಮೇಲೆ ಲ್ಯಾಪ್‌ಟಾಪನ್ನು ಶಿಕ್ಷಕರ ಕೋಣೆಯ ಮೇಜಿನ ಮೇಲಿಡುತ್ತೇವೆ. ಕೀಲಿಗಳಿಗೆ ಕಾಗದದ ಅಕ್ಷರಗಳನ್ನು ಅಂಟಿಸಿದ್ದೇವೆ. ಡ ಈಗಾಗಲೇ ಎರಡು ಬಾರಿ ಕಿತ್ತುಬಂದಿದೆ. ಒಬ್ಬೊಬ್ಬರಿಗೆ ಹತ್ತು ನಿಮಿಷ. ವಡಾಪಾವ್ ತಿಂದ ಕೈಯನ್ನು ತೊಳೆದುಕೊಂಡು ಬನ್ನಿ.