ಕಣ್ಣು ಹಳದಿಯಾಗುವವರೆಗೆ ಕಾಯಬಾರದು

ಯಾದಗಿರಿ, ಶಹಾಪುರ, ಸುರಪುರಗಳನ್ನೊಳಗೊಂಡ ಸಗರನಾಡಿನ ಮನೆಗಳಲ್ಲಿ ಯಾರದಾದರೂ ಕಣ್ಣು ಹಳದಿಯಾಯಿತೆಂದರೆ ಹಿರಿಯರು ಕೂಡಲೆ ಹೇಳುವ ಮಾತು: “ಕಾಮಣಿ ಆಗ್ಯಾದ, ಎಲಿ ಔಷಧ ಹಾಕಿಸ್ರಿ.” ಕಾಮಾಲೆಗಳಲ್ಲಿ ಹಲವು ಕೆಲವೇ ವಾರಗಳಲ್ಲಿ ತಾವಾಗಿಯೇ ಇಳಿಯುವುದರಿಂದ ಕೀರ್ತಿಯು ಎಲೆಗೆ ಸಲ್ಲುತ್ತದೆ. ಆದರೆ ಕಣ್ಣನ್ನು ಹಳದಿಗೊಳಿಸದೆಯೇ ಯಕೃತ್ತನ್ನು ತಿನ್ನುವ ರೋಗವೂ ಒಂದುಂಟು. ಅದೇ 1989ರಲ್ಲಿ ವಿಜ್ಞಾನಿಗಳು ಗುರುತಿಸಿದ ಹೆಪಟೈಟಿಸ್ ಸಿ.

ಯಕೃತ್ತು ನೋವನ್ನು ಹೇಳಿಕೊಳ್ಳುವ ಅಂಗವಲ್ಲ. ಈ ವೈರಸ್ಸು ಅದರಲ್ಲಿ ನೆಲೆಸಿದಾಗ ಮೃದುವಾದ ಭಾಗ ಸ್ವಲ್ಪ ಸ್ವಲ್ಪವಾಗಿ ಗಾಯದ ಕಲೆಯಂತೆ ಗಡುಸಾಗುತ್ತದೆ. ಚಿಕಿತ್ಸೆಯಿಲ್ಲದೆ ಇಪ್ಪತ್ತು ವರ್ಷ ಕಳೆದರೆ ನೂರು ಮಂದಿಯಲ್ಲಿ 15ರಿಂದ 30 ಜನರಿಗೆ ಯಕೃತ್ತು ಗಂಟುಗಟ್ಟಿ ಕುಗ್ಗುವ ಸಿರೋಸಿಸ್ ಉಂಟಾಗಬಹುದು. ಅದೇ ದೇಹದಲ್ಲಿ ಎಚ್.ಐ.ವಿ.ಯೂ ಇದ್ದರೆ ಕಾವಲುಶಕ್ತಿ ಕುಂದಿ, ಈ ಹಾನಿಯ ವೇಗ ಹೆಚ್ಚುತ್ತದೆ. ಎರಡೂ ರಕ್ತದ ಮೂಲಕ ಹರಡುವುದರಿಂದ ಅವು ಒಂದೇ ದೇಹದಲ್ಲಿ ಸೇರುವುದು ಆಶ್ಚರ್ಯವಲ್ಲ. ಒಬ್ಬರಿಗೆ ಬಳಸಿದ ಸೂಜಿಯನ್ನು ಇನ್ನೊಬ್ಬರಿಗೆ ಬಳಸುವುದು, ಜಾತ್ರೆಯಲ್ಲಿ ಒಂದೇ ಸೂಜಿಯಿಂದ ಹಲವರಿಗೆ ಹಚ್ಚೆ ಹಾಕುವುದು, ಪರೀಕ್ಷಿಸದ ರಕ್ತವನ್ನು ಕೊಡುವುದು, ಇವೆಲ್ಲ ಅದಕ್ಕೆ ದಾರಿಗಳು.

ಇಷ್ಟಾದರೂ ಧೈರ್ಯಗೆಡಬೇಕಾದ ಕಾಲ ಇದಲ್ಲ. ಎಚ್.ಐ.ವಿ.ಯ ಮಾತ್ರೆಗಳನ್ನು ಜೀವನಪರ್ಯಂತ ಸೇವಿಸಬೇಕು. ಹೆಪಟೈಟಿಸ್ ಸಿ ಯಾದರೋ ಪೂರ್ಣವಾಗಿ ಗುಣವಾಗುವ ರೋಗ. ಮೊದಲು ವರ್ಷವಿಡೀ ಚುಚ್ಚುಮದ್ದು ತೆಗೆದುಕೊಂಡರೂ ಫಲ ಸಂಶಯವಾಗಿತ್ತು. ಈಗ ಸಾಮಾನ್ಯವಾಗಿ 12 ವಾರಗಳ ಮಾತ್ರೆಗಳಿಂದ ನೂರಕ್ಕೆ 95ಕ್ಕೂ ಹೆಚ್ಚು ಮಂದಿ ಗುಣವಾಗುತ್ತಾರೆ, ಎಚ್.ಐ.ವಿ. ಇರುವವರಿಗೂ ಫಲ ಹೆಚ್ಚುಕಡಮೆ ಇದೇ. ಭಾರತ ಸರ್ಕಾರವು 2004ರಿಂದ ಎಚ್.ಐ.ವಿ. ಮಾತ್ರೆಗಳನ್ನೂ, 2018ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದ ಮೂಲಕ ಹೆಪಟೈಟಿಸ್ ಚಿಕಿತ್ಸೆಯನ್ನೂ ಉಚಿತವಾಗಿ ನೀಡುತ್ತಿದೆ.

ಪರೀಕ್ಷೆ ಎರಡು ಹಂತದ್ದು. ವೈರಸ್ಸು ಎಂದಾದರೂ ದೇಹವನ್ನು ಹೊಕ್ಕಿತ್ತೇ ಎಂಬುದನ್ನು ಮೊದಲನೆಯದು ತಿಳಿಸುತ್ತದೆ. ಈಗಲೂ ಇದೆಯೇ ಎಂಬುದನ್ನು ಎರಡನೆಯದು. ಜೊತೆಗೆ ಹೆಪಟೈಟಿಸ್ ಬಿ ಪರೀಕ್ಷೆಯೂ ಆಗಬೇಕು, ಏಕೆಂದರೆ ಸಿ ಗೆ ಚಿಕಿತ್ಸೆ ನಡೆದಾಗ ಅಡಗಿದ್ದ ಬಿ ಮತ್ತೆ ಕೆರಳಬಹುದು. ಕೆಲವು ಮಾತ್ರೆಗಳು ಪರಸ್ಪರ ಹೊಂದುವುದಿಲ್ಲವಾದ್ದರಿಂದ, ಸೇವಿಸುತ್ತಿರುವ ಔಷಧಗಳೆಲ್ಲವನ್ನೂ, ಊರಿನ ಎಲೆ ಔಷಧವನ್ನೂ ಸೇರಿಸಿ, ವೈದ್ಯರಿಗೆ ತಿಳಿಸಬೇಕು. ಸೇಂದಿ, ಸಾರಾಯಿಗಳನ್ನು ಸಂಪೂರ್ಣವಾಗಿ ಬಿಡಬೇಕು.

ಸುಗ್ಗಿ ಮುಗಿದ ಮೇಲೆ ಬೆಂಗಳೂರು, ಪುಣೆ, ಮುಂಬಯಿಗಳಿಗೆ ಗುಳೆ ಹೋಗುವ ಕುಟುಂಬಗಳು ಈ ನಾಡಿನಲ್ಲಿ ಹಲವು. ಅಲ್ಲಿ ಮಾತ್ರೆ ತಪ್ಪಿದರೆ ಎಚ್.ಐ.ವಿ. ಹೆಚ್ಚುತ್ತದೆ, ಯಕೃತ್ತಿನ ಮೇಲಿನ ಭಾರವೂ ಹೆಚ್ಚುತ್ತದೆ. ಹೊರಡುವ ಮುನ್ನ ಎ.ಆರ್.ಟಿ. ಕೇಂದ್ರಕ್ಕೆ ತಿಳಿಸಿ, ದುಡಿಯುವ ಊರಿನಲ್ಲಿ ಮಾತ್ರೆ ದೊರೆಯುವ ಏರ್ಪಾಡನ್ನು ಕೇಳಿಕೊಳ್ಳುವುದು ವಿವೇಕ. “ಮಾತ್ರೆಯಿಂದ ಉಷ್ಣವಾಗುತ್ತದೆ” ಎಂದು ಅದನ್ನು ತಾವಾಗಿಯೇ ನಿಲ್ಲಿಸುವುದು ಅವಿವೇಕ.

ಮನೆಯವರು ಅಂಜಬೇಕಾಗಿಲ್ಲ. ಒಂದೇ ಪಂಕ್ತಿಯಲ್ಲಿ ಉಂಡರೆ, ಮಕ್ಕಳನ್ನು ಎತ್ತಿಕೊಂಡರೆ ಈ ರೋಗಗಳು ಅಂಟುವುದಿಲ್ಲ. ಕ್ಷೌರದ ಬ್ಲೇಡು, ಹಲ್ಲುಜ್ಜುವ ಬ್ರಷ್ಷು, ಉಗುರು ಕತ್ತರಿಸುವ ಸಾಧನ ಮಾತ್ರ ಬೇರೆ ಇರಲಿ. ಗುಣವಾದವರಿಗೂ ಸೋಂಕು ಮತ್ತೆ ತಗಲಬಹುದು. ಯಕೃತ್ತು ಈಗಾಗಲೇ ಗಂಟುಗಟ್ಟಿದ್ದರೆ ರೋಗ ಗುಣವಾದ ನಂತರವೂ ಆರು ತಿಂಗಳಿಗೊಮ್ಮೆ ತಪಾಸಣೆ ಅವಶ್ಯ.

ಬಹಳ ಮಂದಿಯನ್ನು ತಡೆಯುವುದು ರೋಗದ ಭಯವಲ್ಲ, ನೆರೆಹೊರೆಯ ನಾಲಗೆಯ ಭಯ. ರೋಗಿಯ ಸಮ್ಮತಿಯಿಲ್ಲದೆ ಎಚ್.ಐ.ವಿ.ಯ ವಿಷಯವನ್ನು ಬಹಿರಂಗಪಡಿಸುವುದನ್ನು 2017ರ ಕಾನೂನು ನಿಷೇಧಿಸಿದೆ. ಮಾತ್ರೆಗಾಗಿ ಕೇಂದ್ರಕ್ಕೆ ಹೋದ ದಿನವೇ “ಸಿ ಪರೀಕ್ಷೆ ಆಗಿದೆಯೇ?” ಎಂದು ಕೇಳಬೇಕಾದುದಷ್ಟೆ. ಆ ಒಂದು ಪ್ರಶ್ನೆಯಿಂದ ಮನೆಯ ದುಡಿಯುವ ಜೀವವೊಂದು ಉಳಿಯಬಹುದು.