ಆಟದ ಇಟ್ಟಿಗೆಯ ವಿಮಾನ

ಉದ್ಯೋಗಸ್ಥರಾದ ಗೃಹಸ್ಥರು ಸಾಯಂಕಾಲ ಕಚೇರಿಯಿಂದ ಮರಳಿದೊಡನೆ ಪ್ಲಾಸ್ಟಿಕ್ಕಿನ ಆಟದ ಇಟ್ಟಿಗೆಗಳ ರಾಶಿಯ ಮುಂದೆ ಕುಳಿತು ಪ್ರಯಾಣಿಕ ವಿಮಾನದ ಪ್ರತಿಕೃತಿಯನ್ನು ಕಟ್ಟುವ ಹವ್ಯಾಸವು ಇಂದು ಅನೇಕ ದೇಶಗಳಲ್ಲಿ ಬೇರೂರಿದೆ. ಇದನ್ನು ಕಂಡು ನಗುವವರೂ ಉಂಟು. ಪ್ರಾಯಸ್ಥರಿಗೆ ಈ ಹುಡುಗಾಟವೇಕೆಂದು ನಾವೂ ಮೊದಲು ಎಣಿಸಿದ್ದೆವು. ಕೆಲಸದ ಒಳಹೊಕ್ಕು ನೋಡಿದ ಮೇಲೆ ಆ ಅಭಿಪ್ರಾಯವನ್ನು ತಿದ್ದಿಕೊಳ್ಳಬೇಕಾಯಿತೆಂದು ಒಪ್ಪಿಕೊಳ್ಳಲು ನಮಗೆ ಸಂಕೋಚವಿಲ್ಲ.

ಡೆನ್ಮಾರ್ಕ್ ದೇಶದ ಬಿಲ್ಲುಂಡ್ ಎಂಬ ಊರಿನಲ್ಲಿ ಓಲೆ ಕಿರ್ಕ್ ಕ್ರಿಸ್ಟಿಯನ್‌ಸನ್ ಎಂಬ ಬಡಗಿಯು 1932ರಲ್ಲಿ ಆರಂಭಿಸಿದ ಮರದ ಆಟಿಕೆಗಳ ತಯಾರಿಕೆಯೇ ಮುಂದೆ ಲೆಗೋ ಸಂಸ್ಥೆಯಾಯಿತು. ‘ಚೆನ್ನಾಗಿ ಆಡು’ ಎಂಬರ್ಥದ ಡೇನಿಷ್ ಮಾತಿನಿಂದ ಆ ಹೆಸರು ಬಂದಿದೆ. ಈಗಿನ ರೂಪದ ಇಟ್ಟಿಗೆಯ ಪೇಟೆಂಟಿಗಾಗಿ ಸಂಸ್ಥೆಯು 1958ರಲ್ಲಿ ಅರ್ಜಿ ಸಲ್ಲಿಸಿತು. ಆ ವರ್ಷದ ಇಟ್ಟಿಗೆಯು ಇಂದಿನ ಇಟ್ಟಿಗೆಗೆ ಇನ್ನೂ ಸರಿಯಾಗಿ ಕೂಡಿಕೊಳ್ಳುತ್ತದೆ. ಮೇಲಿನ ಎರಡು ಉಬ್ಬುಗಳ ನಡುವಣ ದೂರವು 8 ಮಿಲಿಮೀಟರು. ತೆಳುವಾದ ಬಿಲ್ಲೆಯ ದಪ್ಪವು 3.2 ಮಿಲಿಮೀಟರು. ಆದಕಾರಣ ಐದು ಬಿಲ್ಲೆಗಳ ಎತ್ತರವು ಎರಡು ಉಬ್ಬುಗಳ ಅಗಲಕ್ಕೆ ಸಮನಾಗುತ್ತದೆ. ಇಟ್ಟಿಗೆಯನ್ನು ಮಗ್ಗುಲಾಗಿ ತಿರುಗಿಸಿ ಕೂಡಿಸಿ, ಚೌಕದ ತುಂಡುಗಳಿಂದಲೇ ವಿಮಾನದ ದುಂಡು ಮೈಯನ್ನು ತರುವ ಚಾತುರ್ಯಕ್ಕೆ ಈ ಲೆಕ್ಕವೇ ಆಧಾರ.

ಇಂಗ್ಲೆಂಡೂ ಫ್ರಾನ್ಸೂ ಕೂಡಿ ನಿರ್ಮಿಸಿ, 1969ರಲ್ಲಿ ಮೊದಲು ಹಾರಿಸಿ, 1976ರಿಂದ 2003ರವರೆಗೆ ಪ್ರಯಾಣಿಕರ ಸೇವೆಯಲ್ಲಿ ನಡೆಸಿದ ಕಾಂಕಾರ್ಡ್ ವಿಮಾನವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅದರ ಉದ್ದ 61.66 ಮೀಟರು, ರೆಕ್ಕೆಗಳ ಹರವು 25.6 ಮೀಟರು, ಒಡಲಿನ ಅಗಲ 2.88 ಮೀಟರು. ಅರವತ್ತರಲ್ಲಿ ಒಂದು ಪಾಲಿನ ಪ್ರಮಾಣವನ್ನು ಹಿಡಿದರೆ ಒಡಲು 48 ಮಿಲಿಮೀಟರು, ಅಂದರೆ ಆರು ಉಬ್ಬುಗಳಿಗೆ ಕರಾರುವಾಕ್ಕಾಗಿ ಬರುತ್ತದೆ. ರೆಕ್ಕೆಗಳ ವಿಷಯದಲ್ಲಿ ಈ ಸೌಕರ್ಯವಿಲ್ಲ. ಹರವು 53 ಉಬ್ಬುಗಳನ್ನು ತುಸು ಮೀರುತ್ತದೆ. ಎಡಬಲಗಳು ಸಮನಾಗಿರಬೇಕಾದ್ದರಿಂದ 54 ಹಿಡಿಯುವುದು ಅನುಕೂಲ. ಹಾಗೆ ಹಿಡಿದರೆ ನಿಜವಾದ ವಿಮಾನದ ರೆಕ್ಕೆಯನ್ನು ನಾವು 32 ಸೆಂಟಿಮೀಟರಿನಷ್ಟು ಹೆಚ್ಚಿಸಿದಂತಾಯಿತು. ಉದ್ದವನ್ನು 128 ಉಬ್ಬುಗಳಿಗೆ ನಿಲ್ಲಿಸಿದರೆ 22 ಸೆಂಟಿಮೀಟರು ಕಡಿಮೆಯಾಯಿತು.

ಈ ಕಸುಬಿನ ಶಿಕ್ಷಣವು ಅಡಗಿರುವುದು ಇಲ್ಲಿಯೇ. ಪೂರ್ಣ ಸತ್ಯವು ಕೈಗೆ ಎಟುಕದೆಂಬುದು ಕಟ್ಟುವವನಿಗೆ ಮೊದಲ ದಿನವೇ ತಿಳಿಯುತ್ತದೆ. ತಪ್ಪು ಎಲ್ಲಿರಬೇಕು, ಎಷ್ಟಿರಬೇಕು ಎಂಬುದನ್ನು ಅವನು ಮುಂದಾಗಿ ನಿಶ್ಚಯಿಸಿ, ಆ ತಪ್ಪನ್ನು ತನ್ನದೆಂದು ಬರೆದಿಡಬೇಕು. ಲೆಕ್ಕವನ್ನು ಮರೆಮಾಚಿದರೆ ಕೊನೆಯ ಸಾಲಿನಲ್ಲಿ ತುಂಡುಗಳು ಕೂಡುವುದಿಲ್ಲ. ಒಂದು ಮೀಟರು ಉದ್ದದ ಒಡಲು ನಡುವೆ ಬಾಗದಂತಿರಬೇಕಾದರೆ, ಗೋಡೆ ಕಟ್ಟುವ ಗಾರೆಯವನಂತೆ ಸಂದಿನ ಮೇಲೆ ಸಂದು ಬಾರದಂತೆ ಸಾಲು ಹೂಡಬೇಕು. ಈ ನಿಯಮಕ್ಕೆ ವಿದ್ವಾಂಸನೂ ಒಂದೇ, ಬಾಲಕನೂ ಒಂದೇ.

ಸಂಸ್ಥೆಯು 2023ರಲ್ಲಿ ಇದೇ ಕಾಂಕಾರ್ಡಿನ 2,083 ತುಂಡುಗಳ ಪೆಟ್ಟಿಗೆಯನ್ನು ಹೊರತಂದಿತು. ಅದರ ಮೂತಿಯು ನಿಜವಾದ ವಿಮಾನದ ಮೂತಿಯಂತೆ ಕೆಳಗೆ ಬಾಗುತ್ತದೆ. ಬಾಲವನ್ನು ತಿರುಗಿಸಿದರೆ ಗಾಲಿಗಳು ಒಳಗೆ ಸರಿಯುತ್ತವೆ. ಕೆಲಸವು ಶ್ಲಾಘನೀಯವೇ. ಆದರೆ ಸೂಚನಾಪುಸ್ತಕವನ್ನು ಪುಟಪುಟವಾಗಿ ಅನುಸರಿಸುವವನು ಲಿಪಿಕಾರನೇ ಹೊರತು ಗ್ರಂಥಕರ್ತನಲ್ಲ. ಒಳ್ಳೆಯ ಪ್ರತಿಯನ್ನು ಬರೆದು ಅಕ್ಷರ ಕಲಿಯುವುದು ಯುಕ್ತ. ಜೀವಮಾನವೆಲ್ಲಾ ಪ್ರತಿಯನ್ನೇ ಬರೆಯುತ್ತಿರುವುದು ಯುಕ್ತವಲ್ಲ. ಒಮ್ಮೆ ಕಟ್ಟಿದ್ದನ್ನು ಬಿಚ್ಚಿ, ಪುಸ್ತಕವನ್ನು ಮುಚ್ಚಿ, ತಾನು ಕಂಡ ಬೇರೊಂದು ವಿಮಾನವನ್ನು ತನ್ನ ಲೆಕ್ಕದಿಂದಲೇ ಕಟ್ಟಲು ಹೊರಟವನಿಗೆ ಮಾತ್ರ ಕೊಟ್ಟ ಹಣವು ಸಾರ್ಥಕವಾಗುತ್ತದೆ.

ಈ ಪೆಟ್ಟಿಗೆಗಳ ಬೆಲೆಯು ಸಾಮಾನ್ಯ ಗೃಹಸ್ಥನಿಗೆ ಭಾರವೆಂಬುದನ್ನು ನಾವು ಬಲ್ಲೆವು. ಆದರೆ ಪ್ರಮಾಣದ ವಿದ್ಯೆಯು ಪೆಟ್ಟಿಗೆಯೊಳಗೆ ಮಾರಾಟವಾಗುವ ವಸ್ತುವಲ್ಲ. ರಟ್ಟು, ಬೆಂಕಿಪೆಟ್ಟಿಗೆ, ಬಡಗಿಯ ಅಂಗಳದ ಮರದ ಚೂರು, ಒಂದು ಅಳತೆಪಟ್ಟಿ, ಇಷ್ಟಿದ್ದರೆ ಅದೇ ಲೆಕ್ಕವನ್ನು ಕಲಿಯಬಹುದು. ಆದುದರಿಂದ ನಮ್ಮ ವಾಚಕರಲ್ಲಿ ನಮ್ಮದೊಂದು ವಿಜ್ಞಾಪನೆ. ಮನೆಯ ಹುಡುಗನು ಅಂಕುಡೊಂಕಾದ ವಿಮಾನವೊಂದನ್ನು ತಂದು ತೋರಿಸಿದಾಗ, ‘ಪಾಠ ಓದು, ಹೋಗು’ ಎಂದು ಗದರಿಸಬೇಡಿರಿ. ಬರಿದೆ ‘ಭೇಷ್’ ಎಂದೂ ಕಳುಹಿಸಬೇಡಿರಿ. ‘ಇದರ ಪ್ರಮಾಣವೆಷ್ಟು? ಎಲ್ಲಿ ತಪ್ಪಿದೆ?’ ಎಂದು ಕೇಳಿರಿ. ಈ ಎರಡು ಪ್ರಶ್ನೆಗಳಿಗೆ ಅಂಜದೆ ಉತ್ತರ ಹೇಳಬಲ್ಲ ಹುಡುಗನು ಮುಂದೆ ಸೇತುವೆಯನ್ನು ಕಟ್ಟಲಿ, ಕಚೇರಿಯ ಲೆಕ್ಕವನ್ನು ಬರೆಯಲಿ, ಅವನ ಕೆಲಸವನ್ನು ಜನರು ನಿಶ್ಚಿಂತೆಯಿಂದ ನಂಬಬಹುದು.